ಮೂಲೆಯಲ್ಲಿರುವ ಹಳೇ ಸಾಂಬಾ ಸರ್ವರ್: ಈ ತೂತು ಮುಚ್ಚಿದೆಯೇ ನೋಡಿ

ಡಿಟಿಪಿ ಸೆಂಟರು, ಪ್ರಿಂಟಿಂಗ್ ಪ್ರೆಸ್ಸು, ಆಡಿಟರ್ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಇಂಥ ಕಡೆ ಮೂಲೆಯಲ್ಲೊಂದು ಲಿನಕ್ಸ್ ಸರ್ವರೋ ನ್ಯಾಸ್ ಡಬ್ಬಿಯೋ (ನೆಟ್‌ವರ್ಕ್‌ಗೆ ಜೋಡಿಸಿದ, ಫೈಲ್ ಇಡುವ ಪುಟ್ಟ ಪೆಟ್ಟಿಗೆ) ವರ್ಷಗಟ್ಟಲೆ ಓಡುತ್ತಲೇ ಇರುತ್ತದೆ. ಲಗ್ನಪತ್ರಿಕೆ ಡಿಸೈನು, ಪೇಜ್‌ಮೇಕರ್ ಫೈಲು, ಟ್ಯಾಲಿ ಬ್ಯಾಕಪ್ಪು ಎಲ್ಲವೂ ಅದರಲ್ಲೇ. ಅದರಿಂದ ಉಳಿದ ಕಂಪ್ಯೂಟರ್‌ಗಳಿಗೆ ಫೈಲ್ ಹಂಚುವ ಕೆಲಸ ಸಾಂಬಾ ಎಂಬ ಪ್ರೋಗ್ರಾಮಿನದ್ದು. ಚೆನ್ನಾಗಿ ನಡೀತಿದೆಯಲ್ಲ ಅಂತ ಅದನ್ನು ಯಾರೂ ಮುಟ್ಟುವುದಿಲ್ಲ.

2017ರ ಮೇ 24ರಂದು ಸಾಂಬಾ ತಂಡ ಸಿವಿಇ-2017-7494 ಎಂಬ ಸಂಖ್ಯೆಯ ಭದ್ರತಾ ದೋಷವನ್ನು ಪ್ರಕಟಿಸಿತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಾವಳಿ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಹಾಗಾಗಿ ಇದಕ್ಕೆ ಸಾಂಬಾಕ್ರೈ ಎಂದೇ ಹೆಸರು ಬಿತ್ತು. 2010ರ 3.5.0 ಆವೃತ್ತಿಯಿಂದಲೂ ಇದು ಒಳಗೇ ಕೂತಿತ್ತು. ಬರೆಯಲು ಅನುಮತಿ ಇರುವ ಶೇರ್ (ಹಂಚಿದ ಫೋಲ್ಡರ್) ಒಂದಿದ್ದರೆ ಸಾಕು, ದಾಳಿಕೋರ ಅದರಲ್ಲಿ ‘.ಎಸ್‌ಒ’ ಲೈಬ್ರರಿ ಫೈಲ್ (ಬೇರೆ ಪ್ರೋಗ್ರಾಂಗಳು ಎತ್ತಿಕೊಂಡು ಓಡಿಸುವ ಕೋಡ್) ಹಾಕುತ್ತಾನೆ. ಆಮೇಲೆ ನೇಮ್ಡ್ ಪೈಪ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ತೆರೆಯುವಂತೆ ಕೇಳುವಾಗ ಪೈಪಿನ ಹೆಸರಿನ ಜಾಗದಲ್ಲಿ ಆ ಫೈಲಿನ ಪೂರ್ತಿ ಪಾತ್ ಕೊಡುತ್ತಾನೆ. ಸರ್ವರ್ ಅದನ್ನು ತನ್ನದೇ ಮಾಡ್ಯೂಲ್ ಎಂದು ನಂಬಿ ರೂಟ್ ಅಧಿಕಾರದಲ್ಲಿ, ಅಂದರೆ ಏನು ಬೇಕಾದರೂ ಮಾಡಬಲ್ಲ ಅಧಿಕಾರದಲ್ಲಿ, ಓಡಿಸಿಬಿಡುತ್ತದೆ. ದುರಸ್ತಿ ಮಾತ್ರ ಒಂದು ಸಣ್ಣ ತಪಾಸಣೆ: ಪೈಪಿನ ಹೆಸರಲ್ಲಿ ಓರೆಗೆರೆ (/) ಇದ್ದರೆ ತೆರೆಯಬೇಡ, ಅಷ್ಟೇ.

ಮೊದಲು ಆವೃತ್ತಿ ನೋಡಿ. ಟರ್ಮಿನಲ್‌ನಲ್ಲಿ ‘ಎಸ್‌ಎಂಬಿಡಿ’ ಎಂದು ಟೈಪಿಸಿ, ಜಾಗ ಬಿಟ್ಟು ಹೈಫನ್ ಮತ್ತು ದೊಡ್ಡಕ್ಷರದ ‘ವಿ’ ಹಾಕಿದರೆ ಸಂಖ್ಯೆ ಬರುತ್ತದೆ. 4.6.4, 4.5.10, 4.4.14 ಇವು ಆಯಾ ಸರಣಿಯಲ್ಲಿ ದುರಸ್ತಿಯಾದವು, 4.7ರಿಂದ ಮುಂದಿನವುಗಳಲ್ಲಿ ಈ ದೋಷವಿಲ್ಲ. ಆದರೆ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನವರು ಹಳೇ ಆವೃತ್ತಿಗೇ ಪ್ಯಾಚ್ ಸೇರಿಸುತ್ತಾರೆ. ಉಬುಂಟು 16.04ರಲ್ಲಿ 4.3.11 ಎಂದೇ ಕಂಡರೂ ಅಪ್‌ಡೇಟ್ ಆಗಿದ್ದರೆ ತೂತು ಮುಚ್ಚಿರುತ್ತದೆ. ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು 7494 ಹುಡುಕಿ, ಸಿಕ್ಕರೆ ನಿಶ್ಚಿಂತೆ. ಸಿಗದಿದ್ದರೆ ಅಪ್‌ಡೇಟ್ ಮಾಡಿ, ಸಾಂಬಾ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಕಷ್ಟ ಇರುವುದು ನ್ಯಾಸ್ ಡಬ್ಬಿಗಳದ್ದು. ಎಷ್ಟೋ ಮಾಡೆಲ್‌ಗಳಿಗೆ ಕಂಪನಿ ಹೊಸ ಫರ್ಮ್‌ವೇರ್ (ಡಬ್ಬಿಯೊಳಗಿನ ಸಾಫ್ಟ್‌ವೇರ್) ಕೊಡುವುದನ್ನೇ ನಿಲ್ಲಿಸಿದೆ. ಒಳಗೆ ಹೋಗಲು ದಾರಿ ಇದ್ದರೆ ಸಾಂಬಾದ ಸೆಟ್ಟಿಂಗ್‌ಗಳಿರುವ ‘ಎಸ್‌ಎಂಬಿ.ಕಾನ್ಫ್’ ಫೈಲಿನ ಗ್ಲೋಬಲ್ ವಿಭಾಗದಲ್ಲಿ ಈ ಸಾಲು ಸೇರಿಸಿ, ರೀಸ್ಟಾರ್ಟ್ ಮಾಡಿ:

ಎನ್‌ಟಿ ಪೈಪ್ ಸಪೋರ್ಟ್ = ನೋ

(ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.) ಇದನ್ನು ಹಾಕಿದ ಮೇಲೆ ವಿಂಡೋಸ್‌ನಲ್ಲಿ ಸರ್ವರ್ ಹೆಸರು ಕ್ಲಿಕ್ ಮಾಡಿದರೆ ಶೇರ್‌ಗಳ ಪಟ್ಟಿ ಬರುವುದಿಲ್ಲ, ಸಾಂಬಾ ಮೂಲಕ ಹಂಚಿದ ಪ್ರಿಂಟರ್ ಕೂಡ ಕೈಕೊಡುತ್ತದೆ. ಆಪರೇಟರ್‌ಗಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಕೆಲಸದ ನಡುವೆ ಯಾರಾದರೂ ಆ ಸಾಲನ್ನು ತೆಗೆಸಿಬಿಡುತ್ತಾರೆ. ಶೇರ್ ಇರುವ ಪಾರ್ಟಿಷನ್ನನ್ನು ‘ನೋಎಕ್ಸೆಕ್’ ಆಯ್ಕೆಯೊಂದಿಗೆ ಮೌಂಟ್ ಮಾಡುವುದು ಇನ್ನೊಂದು ಒಳ್ಳೆ ತಡೆ: ಅಲ್ಲಿಗೆ ಬಂದ ಲೈಬ್ರರಿ ಓಡುವುದೇ ಇಲ್ಲ.

ಅದೇ ಫೈಲಿನಲ್ಲಿ ‘ಗೆಸ್ಟ್ ಓಕೆ = ಯೆಸ್’ ಇದೆಯೇ ನೋಡಿ. ಪಾಸ್‌ವರ್ಡ್ ಕೇಳಿದರೆ ಕಿರಿಕಿರಿ ಅಂತ ಇದನ್ನು ಹಾಕಿಸಿಕೊಳ್ಳುವ ಮಾಲೀಕರೇ ಹೆಚ್ಚು. ದಯವಿಟ್ಟು ತೆಗೆಸಿ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ. ಓದಿದರೆ ಸಾಕಾದವರಿಗೆ ಬರೆಯುವ ಅನುಮತಿ ಬೇಡ. ರೂಟರ್‌ನಲ್ಲಿ ಸಾಂಬಾದ 445ನೇ ಪೋರ್ಟ್ ಇಂಟರ್ನೆಟ್ಟಿಗೆ ತೆರೆದುಕೊಳ್ಳುವಂತೆ ಫಾರ್ವರ್ಡ್ ಆಗಿದ್ದರೆ ಈ ಕ್ಷಣವೇ ಮುಚ್ಚಿ. ಮನೆಯಿಂದ ಫೈಲ್ ಬೇಕೆಂದರೆ ವಿಪಿಎನ್ ಇದೆ.

ಕೊನೆಗೆ ಶೇರ್‌ಗಳಲ್ಲಿ ‘.ಎಸ್‌ಒ’ ಎಂದು ಮುಗಿಯುವ ಫೈಲ್‌ಗಳನ್ನು ಹುಡುಕಿ. ಲಗ್ನಪತ್ರಿಕೆ ಫೋಲ್ಡರಿನಲ್ಲಿ ಅಂಥದಕ್ಕೆ ಕೆಲಸವಿಲ್ಲ. ಪ್ರೊಸೆಸರ್ ಬಿಡುವಿಲ್ಲದೆ ದುಡಿಯುತ್ತಿದೆಯೇ ಅಂತಲೂ ನೋಡಿ; 2017ರಲ್ಲಿ ಈ ತೂತಿನಿಂದ ನುಗ್ಗಿದವರು ಮೊನೆರೊ ಎಂಬ ಕ್ರಿಪ್ಟೊಕರೆನ್ಸಿಯ ಗಣಿಗಾರಿಕೆ ಪ್ರೋಗ್ರಾಂ ಕೂರಿಸಿದ್ದರು. ಅಂಥದ್ದೇನಾದರೂ ಸಿಕ್ಕರೆ ಪ್ಯಾಚ್ ಹಾಕಿ ಸುಮ್ಮನಾಗಬೇಡಿ. ನೆಟ್‌ವರ್ಕ್ ಕೇಬಲ್ ಕೀಳಿ, ನಿಮ್ಮ ಫೈಲ್‌ಗಳನ್ನಷ್ಟೇ ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ, ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿ, ಎಲ್ಲ ಪಾಸ್‌ವರ್ಡ್ ಬದಲಿಸಿ.