ಒಳಪರೀಕ್ಷೆ ನೋಯದಂತೆ ಮಾಡಲು

ಹೆಂಗಸರ ಯೋನಿ, ಗರ್ಭಕಂಠ ನೋಡುವ ಒಳಪರೀಕ್ಷೆಯಲ್ಲಿ ನೋವಿಗೆ ಹೆಚ್ಚಿನ ಸಲ ಕಾರಣ ಬಿಗಿಹಿಡಿದ ಸ್ನಾಯು. ಏನು ಮಾಡುತ್ತಾರೋ ಎಂಬ ಹೆದರಿಕೆಗೇ ಅದು ಬಿಗಿಯುತ್ತದೆ. ಹಾಗಾಗಿ ತೀರ್ಥಹಳ್ಳಿ, ಹೊಸನಗರ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರೊಡನೆ ನನ್ನ ಮಾತೆಲ್ಲ ಮೊದಲು ಕುರ್ಚಿಯಲ್ಲೇ ಮುಗಿಯಬೇಕು. ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಎರಡು ಅಲಗಿನ ಸಾಧನ, ಸ್ಪೆಕ್ಯುಲಮ್, ಅದನ್ನು ಅವರ ಕೈಗೇ ಕೊಟ್ಟು ತೋರಿಸುತ್ತೇನೆ. 'ಅಮ್ಮಾ, ಬೇಡ ಅನ್ನಿಸಿದ್ರೆ ಕೈ ಎತ್ತಿ, ಅಲ್ಲಿಗೇ ನಿಲ್ಲಿಸ್ತೀನಿ' ಅನ್ನುತ್ತೇನೆ. ಕೈ ಎತ್ತಿದ ಮೇಲೆ 'ಇನ್ನೇನು ಆಗೋಯ್ತು' ಎಂದು ಮುಂದುವರಿಸಿದರೆ ಆಕೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಕೋಣೆಯಲ್ಲಿ ಒಬ್ಬ ನರ್ಸ್ ಇರಲಿ, ಅತ್ತೆಯೋ ಗಂಡನೋ ಒಳಗಿರಬೇಕೇ ಎಂಬುದನ್ನು ಆಕೆಯೇ ಹೇಳಲಿ.

ಮೂತ್ರಕ್ಕೆ ಹೋಗಿಬಂದ ಮೇಲೆಯೇ ಮಲಗಿಸುವುದು. ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಬಂದವರಿಗೆ ತುಂಬಿದ ಮೂತ್ರಕೋಶ ಒತ್ತಿದರೇ ನೋವು. ಸೀರೆ ಬಿಚ್ಚಿಸಬೇಕಿಲ್ಲ, ಮೇಲೆ ಸರಿಸಿದರೆ ಅದೇ ಮಂಡಿಗೆ ಹೊದಿಕೆ. ಕಾಲು ಎತ್ತಿಡುವ ಸ್ಟಿರಪ್ ಬಿಟ್ಟು ಪಾದಗಳನ್ನು ಮೇಜಿನ ಮೇಲೇ ಊರಿಸಿ, ಸೊಂಟದ ಕೆಳಗೆ ಮಡಿಸಿದ ಟವೆಲ್ ಇಡಿ. ಇಲ್ಲದಿದ್ದರೆ ಸ್ಪೆಕ್ಯುಲಮ್ಮಿನ ಹಿಡಿ ಮೇಜಿಗೆ ತಾಗಿ, ಅದರ ತುದಿ ಮೇಲಕ್ಕೇಳುತ್ತದೆ.

ಮಳೆಗಾಲದ ಬೆಳಿಗ್ಗೆ ಸ್ಟೀಲು ಮುಟ್ಟಲಾಗದಷ್ಟು ತಣ್ಣಗಿರುತ್ತದೆ. ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಿಂದ ಆಗಷ್ಟೇ ತೆಗೆದದ್ದು ಸುಡುತ್ತದೆ. ಎರಡಕ್ಕೂ ಉಗುರುಬೆಚ್ಚನೆ ನೀರೇ ಮದ್ದು. ಮೊದಲು ಆಕೆಯ ತೊಡೆಗೆ ತಾಗಿಸಿ, 'ಬಿಸಿ ಸರಿಯಿದೆಯಾ?' ಎಂದು ಕೇಳಿ. ಹೆರದವರಿಗೆ, ಮುಟ್ಟು ನಿಂತವರಿಗೆ ಸಣ್ಣ ಅಳತೆಯದು. ನೀರಿನಾಧಾರಿತ ಜೆಲ್ಲನ್ನು ಬಟಾಣಿ ಕಾಳಿನಷ್ಟು ಮಾತ್ರ, ಅಲಗುಗಳ ಹೊರಮೈಗೆ ಸವರಿ. ತುದಿಗೆ ಹಚ್ಚಿದರೆ ಪ್ಯಾಪ್ ಸ್ಮಿಯರ್, ಅಂದರೆ ಕ್ಯಾನ್ಸರ್ ಪತ್ತೆಗೆ ಗರ್ಭಕಂಠದಿಂದ ತೆಗೆಯುವ ಜೀವಕೋಶಗಳ ಮಾದರಿ, ಕೆಡಬಹುದು.

'ಸಡಿಲ ಬಿಡಿ' ಎಂದು ಗದರಿದರೆ ಯಾರೂ ಸಡಿಲ ಬಿಡುವುದಿಲ್ಲ. ಯೋನಿದ್ವಾರದ ಕೆಳಂಚಿನಲ್ಲಿ ಒಂದು ಬೆರಳು ಮೆಲ್ಲಗೆ ಒತ್ತಿಟ್ಟು ಕಾಯುತ್ತೇನೆ; ಬೆರಳಿನಡಿ ಸ್ನಾಯು ಸೋಲುವುದು ನಮಗೇ ತಿಳಿಯುತ್ತದೆ. ಆಗ 'ಒಂಚೂರು ಮುಕ್ಕಿ' ಅಂದರೆ ದಾರಿ ಇನ್ನೂ ತೆರೆಯುತ್ತದೆ. ಸ್ಪೆಕ್ಯುಲಮ್ಮನ್ನು ಓರೆಯಾಗಿ, ಬೆನ್ನಿನ ಕಡೆಗೆ ಇಳಿಸಿ. ಮೇಲ್ಗಡೆ ಮೂತ್ರನಾಳಕ್ಕೆ ಒತ್ತಿದರೆ ಜೀವ ಹೋದಂತಾಗುತ್ತದೆ. ಗರ್ಭಕಂಠ ಕಾಣುವಷ್ಟೇ ತೆರೆಯಿರಿ. ಕ್ಯಾನ್ಸರಿನ ಮುನ್ಸೂಚನೆ ಹುಡುಕಲು ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚುವ ಪರೀಕ್ಷೆಯಾದರೆ, ಉರಿಯಬಹುದು, ಒಂದು ನಿಮಿಷ ಕಾಯಬೇಕು ಎಂದು ಮೊದಲೇ ಹೇಳಿಬಿಡಿ.

ಹೊರತೆಗೆಯುವಾಗಲೇ ಹೆಚ್ಚು ಜನ ಅವಸರ ಮಾಡುವುದು. ಒಳಗಿರುವಾಗಲೇ ಪೂರ್ತಿ ಮುಚ್ಚಿದರೆ ಗೋಡೆಯೋ ಕಂಠವೋ ಅಲಗಿಗೆ ಸಿಕ್ಕಿ ಚಿವುಟುತ್ತದೆ. ತೆರೆದೇ ತುಸು ಹಿಂದಕ್ಕೆಳೆದು, ಕಂಠ ಬಿಟ್ಟ ಮೇಲೆ ಸ್ಕ್ರೂ ಸಡಿಲಿಸಿ, ತಾನಾಗಿ ಕೂಡಿಕೊಳ್ಳಲು ಬಿಡಿ. ಸ್ಕ್ರೂಗೆ ಕೂದಲು ಸಿಕ್ಕಿದೆಯೇ ನೋಡಿ.

ಮುಟ್ಟು ನಿಂತು ಯೋನಿ ಒಣಗಿದವರಲ್ಲಿ ಇಷ್ಟೆಲ್ಲ ಮಾಡಿಯೂ ನೋವಾದರೆ, ತುರ್ತಿಲ್ಲದಿದ್ದಲ್ಲಿ ಆ ದಿನ ನಿಲ್ಲಿಸಿ. ಸ್ತನ ಕ್ಯಾನ್ಸರ್ ಆಗಿತ್ತೇ, ಕಾರಣ ತಿಳಿಯದ ರಕ್ತಸ್ರಾವ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದಾದರೆ ಕೆಲವು ವಾರ ಈಸ್ಟ್ರೋಜನ್ ಕ್ರೀಮು ಹಚ್ಚಲು ಕೊಟ್ಟು ಮತ್ತೆ ಕರೆಯುತ್ತೇನೆ.