ಹೃದಯಕ್ಕೂ ಬೇಕು ಭರವಸೆ: ಬೆಳೆಸಿಕೊಳ್ಳುವುದು ಹೇಗೆ?

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಅಪ್ಪ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. ‘ಇನ್ನೇನಿದೆ ಬಿಡು’ ಅನ್ನುವುದೊಂದೇ ಮಾತು. ವಾಕಿಂಗ್ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಕೂಡ ಡಬ್ಬಿಯಲ್ಲೇ ಉಳಿಯುತ್ತಿತ್ತು. ಮನಸ್ಸು ಸೋತರೆ ಹೃದಯದ ಆರೈಕೆ ಹೇಗೆ ನಿಂತುಹೋಗುತ್ತದೆ ಅಂತ ಆಗ ಕಣ್ಣಾರೆ ಕಂಡೆ.

2019ರಲ್ಲಿ ಅಮೆರಿಕದ ಸಂಶೋಧಕರು 15 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲಿದ್ದವರು 2,29,391 ಜನ. ‘ಮುಂದೆ ಒಳ್ಳೆಯದಾಗುತ್ತೆ’ ಎಂದು ನಂಬುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು ಶೇ 35ರಷ್ಟು ಕಡಿಮೆ ಇತ್ತು. ಅದಕ್ಕೂ ಮೊದಲು, 2004ರಲ್ಲಿ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತಕ್ಕೆ ದಾರಿ ಮಾಡುವ ಒಂಬತ್ತು ಅಂಶಗಳನ್ನು ಪಟ್ಟಿ ಮಾಡಿತ್ತು. ಸಿಗರೇಟು, ಬಿಪಿ, ಶುಗರ್ ಜೊತೆಗೆ ಮನಸ್ಸಿನ ಒತ್ತಡವೂ ಅದರಲ್ಲಿತ್ತು. ಆ ಅಧ್ಯಯನದ ಮುಂದಾಳು ಸಲೀಂ ಯೂಸುಫ್ ಡಾಕ್ಟರ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ.

ಭರವಸೆ ಒಂದೇ ಹೃದಯ ಕಾಯುತ್ತದೆ ಅಂತ ಇದರ ಅರ್ಥ ಅಲ್ಲ. ಅದು ನೆರವಾಗುವುದು ಎರಡು ದಾರಿಯಲ್ಲಿ ಇರಬಹುದು. ಒಂದು, ಸದಾ ಚಿಂತೆಯಲ್ಲಿದ್ದರೆ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸೋಲ್ ಜಾಸ್ತಿಯಾಗಿ ಬಿಪಿ ಏರುತ್ತದೆ. ಇನ್ನೊಂದು, ನಾಳೆ ಇದೆ ಅಂದುಕೊಂಡವರು ಇವತ್ತು ನಡೆಯುತ್ತಾರೆ, ಮಾತ್ರೆ ನುಂಗುತ್ತಾರೆ, ಸಿಗರೇಟು ಬಿಡುತ್ತಾರೆ. ನನ್ನ ಪ್ರಕಾರ ಎರಡನೆಯದೇ ದೊಡ್ಡದು.

ಮೊದಲ ಹೆಜ್ಜೆ, ಬರೆಯುವುದು. ಮಲಗುವ ಮುಂಚೆ ಐದು ನಿಮಿಷ ಕೂತು, ಎಲ್ಲ ಅಂದುಕೊಂಡಂತೆ ನಡೆದರೆ ಮುಂದಿನ ವರ್ಷ ನನ್ನ ಒಂದು ದಿನ ಹೇಗಿರುತ್ತೆ ಅಂತ ಬರೆಯಿರಿ. ದಿನವೂ ಹೀಗೆ ಮುಂದಿನ ದಿನಗಳನ್ನು ಕಣ್ಣ ಮುಂದೆ ತಂದುಕೊಂಡವರಲ್ಲಿ ಎರಡೇ ವಾರಕ್ಕೆ ಭರವಸೆ ಹೆಚ್ಚಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ‘ಆರೋಗ್ಯವಾಗಿರುತ್ತೇನೆ’ ಅಂತ ಸುಮ್ನೆ ಬರೆದರೆ ಸಾಲದು, ಚಿತ್ರ ಕಾಣಬೇಕು. ಅಪ್ಪ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದು ಇಷ್ಟು: ‘ಮೊಮ್ಮಗಳ ಜೊತೆ ಕೆರೆ ಏರಿ ಮೇಲೆ ನಡೆಯಬೇಕು. ಬರುವಾಗ ಅವಳಿಗೆ ಬಿಸಿ ಕಡಲೆಕಾಯಿ.’

ಎರಡನೆಯದು, ಬರೆದದ್ದರಲ್ಲಿ ಒಂದು ಚೂರನ್ನು ನಾಳೆಯೇ ಮಾಡುವುದು. ಕೆರೆ ದೂರವಾದರೆ ಬೀದಿ ತುದಿಯ ಹಾಲಿನ ಬೂತಿನ ತನಕ. ಎಷ್ಟು ನಡೆಯಬಹುದು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಯಾರಾದರೂ ಜೊತೆಗಿದ್ದರೆ ತಪ್ಪಿಸಲು ಮನಸ್ಸು ಬರುವುದಿಲ್ಲ.

ಮೂರನೆಯದು ಮಾತು. ‘ನನ್ನ ಕೈಲಿ ಯಾವತ್ತೂ ಆಗಲ್ಲ’ ಅಂತ ಬಾಯಿಗೆ ಬಂದಾಗ ‘ಇವತ್ತು ಆಗಲಿಲ್ಲ’ ಅನ್ನಿ. ಅದು ಸುಳ್ಳೂ ಅಲ್ಲ, ಅಲ್ವಾ?

ಬೇಸರ ಎರಡು ವಾರ ಕಳೆದರೂ ಬಿಡದಿದ್ದರೆ ಅದು ಖಿನ್ನತೆ ಇರಬಹುದು. ಬರೆದು ನಡೆದು ಸರಿಹೋಗಲಿ ಅಂತ ಕಾಯಬೇಡಿ, ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ‘ಗ್ಯಾಸ್ ಇರಬೇಕು, ಸರಿಹೋಗುತ್ತೆ’ ಅಂದುಕೊಂಡು ಕೂರಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ.