ಬೊಲೋನ್ಯಾದ ಮನೆಯೊಂದರಲ್ಲಿ ಪಾಸ್ತಾ ಪಾಠ: ಕಲಿಯಲು ಹೋಗುವವರಿಗೆ ಕೈಪಿಡಿ

ಇಟಲಿ ಪ್ರವಾಸಕ್ಕೆ ಹೊರಡುವ ನಮ್ಮವರ ಪಟ್ಟಿಯಲ್ಲಿ ರೋಮ್, ವೆನಿಸ್, ಫ್ಲಾರೆನ್ಸ್, ಪೀಸಾದ ವಾಲುಗೋಪುರ ತಪ್ಪದೆ ಇರುತ್ತವೆ. ಬೊಲೋನ್ಯಾ ಇರುವುದು ಅಪರೂಪ. ಫ್ಲಾರೆನ್ಸ್‌ನಿಂದ ವೇಗದ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಸಿಗುವ ಈ ಊರು ಮೊಟ್ಟೆ ಹಾಕಿ ಕೈಯಲ್ಲೇ ಲಟ್ಟಿಸುವ ಪಾಸ್ತಾದ ತವರು. ಅಡುಗೆಯಲ್ಲಿ ಆಸಕ್ತಿ ಇರುವವರು ಇನ್ನೊಂದು ವಸ್ತುಸಂಗ್ರಹಾಲಯ ಬಿಟ್ಟರೂ ಪರವಾಗಿಲ್ಲ, ಇಲ್ಲಿಯ ಮನೆಯೊಂದರಲ್ಲಿ ಅರ್ಧ ದಿನ ಕಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಕವಿಧಾನ ಮೊಬೈಲ್‌ನಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಹಿಟ್ಟು ಹದಕ್ಕೆ ಬಂದಿದೆಯೇ ಎಂದು ನಿಮ್ಮ ಕೈ ಹಿಡಿದು ತೋರಿಸುವವರು ಸಿಗುವುದು ಅಲ್ಲಿ ಮಾತ್ರ.

ಆದರೆ ಇಂಥ ಪಾಠ ಚೆನ್ನಾಗಿ ನಡೆಯುವುದೂ ಕೆಡುವುದೂ ನೀವು ಆ ಮನೆಯ ಬಾಗಿಲು ತಟ್ಟುವ ಮೊದಲೇ ಅರ್ಧ ತೀರ್ಮಾನವಾಗಿರುತ್ತದೆ. ಆದ್ದರಿಂದ ಸಿದ್ಧತೆಯಿಂದಲೇ ಶುರು ಮಾಡೋಣ.

ಮೊದಲು ಮನೆ ಹುಡುಕಿ

ಇಟಲಿಯಲ್ಲಿ ಮನೆಯವರೇ ನಡೆಸುವ ಅಡುಗೆ ಪಾಠಗಳಿಗೆ ಹೆಸರಾದ ಜಾಲ 'ಚೆಸರೀನೆ'. 2004ರಲ್ಲಿ ಬೊಲೋನ್ಯಾದಲ್ಲೇ ಹುಟ್ಟಿದ ಇದು ಈಗ ದೇಶದ ಉದ್ದಗಲಕ್ಕೂ ಹರಡಿದೆ. ಊರು, ದಿನಾಂಕ, ಎಷ್ಟು ಜನ ಎಂದು ತಿಳಿಸಿ ಆನ್‌ಲೈನ್‌ನಲ್ಲಿ ಕಾಯ್ದಿರಿಸಬಹುದು. ಇದಲ್ಲದೆ ನೀವು ತಂಗುವ ಸಣ್ಣ ವಸತಿಗೃಹದ ಒಡತಿಯನ್ನು ಕೇಳಿದರೂ ಪರಿಚಯದವರ ಮನೆ ಸಿಗುವುದುಂಟು.

ಗುಂಪಿನ ತರಗತಿಗೆ ಶುಲ್ಕ ಕಡಿಮೆ, ಖಾಸಗಿ ಪಾಠಕ್ಕೆ ಹೆಚ್ಚು. ಸಾಧ್ಯವಿದ್ದರೆ ಖಾಸಗಿ ಪಾಠವನ್ನೇ ಆರಿಸಿ. ಹತ್ತು ಜನರ ಗುಂಪಿನಲ್ಲಿ ಕಲಿಸುವವರು ಒಬ್ಬೊಬ್ಬರ ಹಿಟ್ಟನ್ನೂ ಮುಟ್ಟಿ ನೋಡಲಾರರು. ಕಾಯ್ದಿರಿಸುವ ಮುನ್ನ ಎರಡು ಪ್ರಶ್ನೆ ಕೇಳಲೇಬೇಕು. ಲಟ್ಟಿಸುವುದು ಲಟ್ಟಣಿಗೆಯಲ್ಲೋ ಯಂತ್ರದಲ್ಲೋ? ಪ್ರತಿಯೊಬ್ಬರಿಗೂ ತಮ್ಮದೇ ಹಿಟ್ಟು ಕಲಸಿಕೊಳ್ಳಲು ಅವಕಾಶ ಇದೆಯೋ, ನೋಡುತ್ತ ನಿಲ್ಲಬೇಕೋ? ಯಂತ್ರ ಎಂಬ ಉತ್ತರ ಬಂದರೆ ಬೇರೆ ಮನೆ ನೋಡಿ. ಯಂತ್ರ ನಿಮಗೆ ನಮ್ಮೂರಲ್ಲೂ ಸಿಗುತ್ತದೆ.

ಆಗಸ್ಟ್ ತಿಂಗಳನ್ನು ತಪ್ಪಿಸುವುದು ಒಳ್ಳೆಯದು. 15ರ ಫೆರ್ರಾಗೋಸ್ತೊ ರಜೆಯ ಆಸುಪಾಸಿನಲ್ಲಿ ಊರಿಗೆ ಊರೇ ಕಡಲತೀರಕ್ಕೆ ಹೊರಟಿರುತ್ತದೆ. ಉಳಿದವರಿಗೂ ಆ ಸೆಕೆಯಲ್ಲಿ ಒಲೆಯ ಮುಂದೆ ನಿಲ್ಲುವ ಉತ್ಸಾಹ ಇರುವುದಿಲ್ಲ.

ಒಂದೇ ಹಾಳೆ ಕಲಿಯಿರಿ

ಮೂರು ಬಗೆಯ ಪಾಸ್ತಾ, ಜೊತೆಗೆ ತಿರಮಿಸು ಸಿಹಿ ಎಂಬ ಪಟ್ಟಿ ಕಣ್ಣಿಗೆ ಚೆಂದ. ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಮಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಹಿಟ್ಟಿನ ಹಾಳೆ ಲಟ್ಟಿಸುವುದನ್ನು ಕಲಿತರೆ ಉಳಿದದ್ದೆಲ್ಲ ಕತ್ತರಿಸುವ, ಮಡಿಸುವ ಕೆಲಸ. ಆದ್ದರಿಂದ ಒಂದು ಹಾಳೆ, ಅದರಿಂದ ಎರಡು ತಿನಿಸು ಎಂದು ಕೇಳಿಕೊಳ್ಳಿ: ಉದ್ದ ಪಟ್ಟಿಗಳ ತಾಲ್ಯಾತೆಲ್ಲೆ ಮತ್ತು ಹೂರಣ ತುಂಬಿದ ತೊರ್ತೆಲ್ಲೋನಿ.

ಈ ಊರಿನವರಿಗೆ ಇವು ಎಷ್ಟು ಮುಖ್ಯ ಎಂದರೆ, ಬೆಂದ ತಾಲ್ಯಾತೆಲ್ಲೆಯ ಅಗಲ 8 ಮಿಲಿಮೀಟರ್ ಇರಬೇಕು ಎಂದು 1972ರ ಏಪ್ರಿಲ್ 16ರಂದು ಬೊಲೋನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದ್ದಾರೆ. ಅಳತೆಗೆಂದು ಚಿನ್ನದ ಪಟ್ಟಿಯೊಂದನ್ನೂ ಅಲ್ಲಿ ಇಟ್ಟಿದ್ದಾರೆ. ಆ ಅಗಲ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ ಎಂಬ ಲೆಕ್ಕವೂ ಇದೆ. ಗೋಪುರದ ಎತ್ತರ 97 ಮೀಟರ್ ಚಿಲ್ಲರೆ, ಭಾಗಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ.

ಏನು ತಿನ್ನುವುದಿಲ್ಲ ಎಂಬುದನ್ನು ಬಿಡಿಸಿ ಬರೆಯಿರಿ

ಸಸ್ಯಾಹಾರಿ ಕನ್ನಡಿಗರು ಅತಿ ಹೆಚ್ಚು ಗಮನ ಕೊಡಬೇಕಾದ ಹಂತ ಇದು. 'ನಾವು ಸಸ್ಯಾಹಾರಿಗಳು' ಎಂದು ಬರೆದರೆ ಸಾಲದು. ಅಲ್ಲಿ ಆ ಮಾತಿಗೆ ಮಾಂಸದ ತುಂಡು ತಟ್ಟೆಯಲ್ಲಿ ಇರಬಾರದು ಎಂಬಷ್ಟೇ ಅರ್ಥ ಹಿಡಿಯುವವರು ಇದ್ದಾರೆ. ಬೊಲೋನ್ಯಾದ ಹೆಸರಾಂತ ರಾಗು ಸಾಸ್ ದನದ ಮಾಂಸ ಮತ್ತು ಹಂದಿಯ ಪಾಂಚೆತ್ತಾದ್ದು. ಅಂಗಿಯ ಗುಂಡಿಯಷ್ಟು ಪುಟ್ಟ ತೊರ್ತೆಲ್ಲೀನಿಯ ಹೂರಣದಲ್ಲಿ ಹಂದಿಮಾಂಸ ಇರುತ್ತದೆ, ಅದನ್ನು ಬಡಿಸುವುದೂ ಮಾಂಸದ ಸಾರಿನಲ್ಲೇ. ಇವು ಎದ್ದು ಕಾಣುತ್ತವೆ, ಬೇಡ ಎಂದರಾಯಿತು. ಕಾಣದೆ ಇರುವುದರ ಬಗ್ಗೆಯೇ ಎಚ್ಚರ ಬೇಕು. ಈರುಳ್ಳಿ, ಟೊಮೆಟೊ ಬೇಯಿಸಿ ಮಾಡುವ ಫ್ರಿಜೋನೆ ನೋಡಲು ನಮ್ಮ ಗೊಜ್ಜಿನಂತೆಯೇ ಇದ್ದರೂ ಹಳೆಯ ಕ್ರಮದಲ್ಲಿ ಅದಕ್ಕೆ ಬಳಸುವುದು ಹಂದಿಯ ಕೊಬ್ಬು. ಕರಿದ ಹಿಟ್ಟಿನ ಕ್ರೆಶೆಂತೀನೆಯೂ ಅದೇ ಕೊಬ್ಬಿನಲ್ಲಿ ಬೆಂದಿರಬಹುದು.

ಚೀಸ್ ವಿಷಯ ಇನ್ನೂ ಸೂಕ್ಷ್ಮ. ಪಾರ್ಮಿಜಾನೊ ರೆಜ್ಜಾನೊ ಎಂದು ಮುದ್ರೆ ಬೀಳಬೇಕಾದರೆ ಹಾಲು, ಉಪ್ಪು ಮತ್ತು ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಿಟ್ಟು ಬೇರೇನೂ ಸೇರುವಂತಿಲ್ಲ. ಇದು ನಿಯಮ. ಗ್ರಾನಾ ಪದಾನೊ ಎಂಬ ಇನ್ನೊಂದು ಗಟ್ಟಿ ಚೀಸ್‌ನ ರೆನೆಟ್ ಕೂಡ ಪ್ರಾಣಿಮೂಲದ್ದೇ. ಮೃದುವಾದ ರಿಕೊಟ್ಟಾವನ್ನು ಬೇರೆ ಚೀಸ್ ಮಾಡಿ ಉಳಿದ ಹಾಲೊಡಕಿನಿಂದ ತೆಗೆಯುತ್ತಾರೆ, ಆ ಮೊದಲ ಚೀಸ್‌ಗೆ ರೆನೆಟ್ ಹಾಕಿರುತ್ತಾರೆ. ಇದನ್ನು ಒಪ್ಪಿಕೊಳ್ಳುವುದೋ ಬಿಡುವುದೋ ನಿಮ್ಮ ನಿರ್ಧಾರ. ಆದರೆ ಆ ನಿರ್ಧಾರವನ್ನು ಇಲ್ಲೇ, ಮನೆಯಲ್ಲೇ ಮಾಡಿಕೊಂಡು ಹೋಗಿ. ಅವರ ಊಟದ ಮೇಜಿನ ಮುಂದೆ ಕುಳಿತು ಚರ್ಚಿಸುವುದು ಇಬ್ಬರಿಗೂ ಮುಜುಗರ. ಪ್ರಾಣಿಮೂಲ ಬೇಡವೆಂದಾದರೆ 'ಕಾಲ್ಯೊ ವೆಜೆತಾಲೆ' (ಸಸ್ಯಮೂಲದ ರೆನೆಟ್) ಎಂದು ಬರೆದಿರುವ ಗಟ್ಟಿ ಚೀಸ್ ಅಲ್ಲಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತದೆ, ಅದನ್ನು ತಂದಿಡುವಂತೆ ವಾರ ಮೊದಲೇ ವಿನಂತಿಸಿ.

ಸಂದೇಶದಲ್ಲಿ ಈ ಸಾಲು ಸೇರಿಸಿದರೆ ಅನುಮಾನಕ್ಕೆ ಎಡೆ ಇರುವುದಿಲ್ಲ: 'ನೊನ್ ಮಾಂಜಾಮೊ ಕಾರ್ನೆ, ಪೆಶ್ಶೆ, ಬ್ರೋದೊ ದಿ ಕಾರ್ನೆ, ಸ್ತ್ರುತ್ತೊ.' ಮಾಂಸ, ಮೀನು, ಮಾಂಸದ ಸಾರು, ಹಂದಿಕೊಬ್ಬು ಯಾವುದನ್ನೂ ನಾವು ತಿನ್ನುವುದಿಲ್ಲ ಎಂದು ಇದು ಹೇಳುತ್ತದೆ.

ಮೊಟ್ಟೆಯನ್ನೂ ತಿನ್ನದವರು ಬೊಲೋನ್ಯಾಕ್ಕೆ ಹೋಗಿ ಒದ್ದಾಡುವ ಬದಲು ದಕ್ಷಿಣ ಇಟಲಿಯ ಬಾರಿ ಎಂಬ ಊರಿಗೆ ಹೋಗಲಿ ಎಂದು ನಾನು ಹೇಳುತ್ತೇನೆ. ಅಲ್ಲಿಯ ಓರೆಕ್ಯೆತ್ತೆ ಪಾಸ್ತಾಕ್ಕೆ ಡ್ಯೂರಮ್ ಗೋಧಿಯ ನಯವಾದ ರವೆ ಮತ್ತು ನೀರು ಸಾಕು. ಹಳೆಯ ಪೇಟೆಯ ಆರ್ಕೊ ಬಾಸ್ಸೊ ಓಣಿಯಲ್ಲಿ ಹೆಂಗಸರು ಮನೆಯ ಮುಂದೆಯೇ ಮಣೆ ಹಾಕಿಕೊಂಡು, ಮೊಂಡು ಚಾಕುವಿನಿಂದ ಹಿಟ್ಟಿನ ಚೂರನ್ನು ಎಳೆದು, ಹೆಬ್ಬೆರಳ ಮೇಲೆ ಮಗುಚಿ ಪುಟ್ಟ ಕಿವಿಯ ಆಕಾರ ಕೊಡುವುದನ್ನು ನೋಡಬಹುದು. ಅಲ್ಲಿ ಎಚ್ಚರ ಬೇಕಾದದ್ದು ಸೊಪ್ಪಿನ ಸಾಸ್‌ಗೆ ಬೆರೆಸುವ ಪುಟ್ಟ ಆಂಚೊವಿ ಮೀನಿನ ಬಗ್ಗೆ.

ಬಾಗಿಲ ಬಳಿ

ಅಪಾರ್ಟ್‌ಮೆಂಟಿನ ಕರೆಗಂಟೆ ಫಲಕದಲ್ಲಿ ಮನೆ ಸಂಖ್ಯೆಗಿಂತ ಹೆಚ್ಚಾಗಿ ಮನೆತನದ ಹೆಸರು ಇರುತ್ತದೆ. ಯಾವ ಹೆಸರಿನ ಗುಂಡಿ ಒತ್ತಬೇಕು, ಎಷ್ಟನೇ ಮಹಡಿ ಎಂದು ಮುಂಚೆಯೇ ಕೇಳಿ ಬರೆದುಕೊಳ್ಳಿ. ಹೊಸ್ತಿಲು ದಾಟುವಾಗ 'ಪೆರ್ಮೆಸ್ಸೊ' ಎಂದು ಅನುಮತಿ ಕೇಳುವುದು ಅಲ್ಲಿಯ ಮರ್ಯಾದೆ. ಚಪ್ಪಲಿ ಬಿಡಬೇಕೆ ಎಂದೂ ಕೇಳಿ. ಬೇಡ ಎನ್ನುವ ಮನೆಗಳೇ ಹೆಚ್ಚು.

ಬರಿಗೈಯಲ್ಲಿ ಹೋಗಬೇಡಿ. ಬೇಕರಿಯಿಂದ ಕಟ್ಟಿಸಿದ ಸಿಹಿ ಆಗಬಹುದು, ಊರಿನಿಂದ ಒಯ್ದ ಏಲಕ್ಕಿ ಪೊಟ್ಟಣ ಆಗಬಹುದು. ಹೂವು ಕೊಡುವುದಾದರೆ ಸೇವಂತಿಗೆ ಮಾತ್ರ ಬೇಡವೇ ಬೇಡ. ನಮಗೆ ಅದು ಹಬ್ಬದ ಹೂವು. ಇಟಲಿಯಲ್ಲಿ ನವೆಂಬರ್ 2ರಂದು ಹಿರಿಯರ ಸಮಾಧಿಗೆ ಏರಿಸುವ ಹೂವು.

ಮಣೆಯ ಮುಂದೆ

ಇನ್ನು ಪಾಠ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ದೊಡ್ಡ ಮರದ ಹಲಗೆಯ ಮೇಲೆ ತಲೆಗೆ 100 ಗ್ರಾಂನಂತೆ ನಯವಾದ ಗೋಧಿಹಿಟ್ಟು ಸುರಿದು, ನಡುವೆ ಗುಂಡಿ ಮಾಡಿ, ತಲೆಗೊಂದು ಮೊಟ್ಟೆ ಒಡೆದು ಹಾಕುತ್ತಾರೆ. ಹಿಟ್ಟಿನ ಚೀಲದ ಮೇಲೆ '00' ಎಂದಿರುತ್ತದೆ. ಫೋರ್ಕಿನಿಂದ ಮೊಟ್ಟೆ ಕಲಕುತ್ತ, ಒಳಗೋಡೆಯ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಬೇಕು. ಗೋಡೆ ಒಂದು ಕಡೆ ಒಡೆದರೆ ಮೊಟ್ಟೆ ಹಲಗೆಯ ಮೇಲೆ ಹರಿಯುತ್ತದೆ, ಆದ್ದರಿಂದ ಇನ್ನೊಂದು ಕೈ ಹೊರಗಿನಿಂದ ಆನಿಸಿಕೊಂಡೇ ಇರಲಿ.

ನಾದುವುದು ಅಂಗೈಯ ಬುಡದಿಂದ. ಒತ್ತಿ ದೂರ ತಳ್ಳಿ, ಮಡಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಹತ್ತರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಮೊದಲು ಒರಟಾಗಿ ಬಿರುಕು ಬಿಟ್ಟುಕೊಂಡಿರುವ ಹಿಟ್ಟು ಕೊನೆಗೆ ನುಣ್ಣಗಾಗಿ, ಬೆರಳಿಂದ ಒತ್ತಿದರೆ ನಿಧಾನವಾಗಿ ಮೇಲೇಳುತ್ತದೆ. ಗಟ್ಟಿ ಎನ್ನಿಸಿತೆಂದು ನೀರು ಹನಿಸಲು ಆತುರ ಪಡಬೇಡಿ. ನಾದುತ್ತ ಹೋದಂತೆ ಅದೇ ಮೆದುವಾಗುತ್ತದೆ. ಈ ಘಟ್ಟದಲ್ಲಿ ಕಲಿಸುವವರ ಹಿಟ್ಟನ್ನೂ ನಿಮ್ಮದನ್ನೂ ಒಂದೊಂದು ಕೈಯಲ್ಲಿ ಹಿಡಿದು ಒತ್ತಿ ನೋಡಿ. ಇಷ್ಟು ದೂರ ಬಂದದ್ದು ಈ ಒಂದು ನಿಮಿಷಕ್ಕಾಗಿಯೇ. ಆಮೇಲೆ ಬಟ್ಟಲು ಕವುಚಿ ಅರ್ಧ ಗಂಟೆ ಬಿಡಬೇಕು. ನಾದುವಾಗ ಬಿಗಿದುಕೊಂಡ ಗ್ಲುಟೆನ್ ಎಂಬ ಗೋಧಿಯ ಅಂಟಿನ ಎಳೆಗಳು ಸಡಿಲವಾಗದಿದ್ದರೆ ಲಟ್ಟಿಸಿದಷ್ಟೂ ಹಾಳೆ ಹಿಂದಕ್ಕೆ ಕುಗ್ಗುತ್ತದೆ.

ಲಟ್ಟಿಸುವಾಗ ನಮ್ಮ ಕೈಗೆ ಅಂಟಿದ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಚಪಾತಿಯನ್ನು ನಾವು ಒತ್ತಿ ಅಗಲ ಮಾಡುತ್ತೇವೆ, ಇಲ್ಲಿ ಎಳೆದು ಅಗಲ ಮಾಡಬೇಕು. ಅವರ ಮತ್ತರೆಲ್ಲೊ ಹಿಡಿಯೇ ಇಲ್ಲದ, ತೋಳಿನಷ್ಟು ಉದ್ದದ ಲಟ್ಟಣಿಗೆ. ನಡುವಿನಿಂದ ಹೊರಕ್ಕೆ ತಳ್ಳಿ, ಹಾಳೆ ತಿರುಗಿಸಿ, ಮತ್ತೆ ತಳ್ಳಬೇಕು. ಹಾಳೆ ದೊಡ್ಡದಾದ ಮೇಲೆ ಆಚೆಯ ಅಂಚನ್ನು ಲಟ್ಟಣಿಗೆಗೆ ಸುತ್ತಿಕೊಂಡು, ಅಂಗೈಗಳನ್ನು ನಡುವಿನಿಂದ ಎರಡೂ ತುದಿಗಳತ್ತ ಜಾರಿಸುತ್ತ ಉರುಳಿಸುತ್ತಾರೆ. ಈಚೆಯ ಅಂಚು ಹಲಗೆಯಿಂದ ಕೆಳಗೆ ಇಳಿಬಿದ್ದಿರುತ್ತದೆ, ಅದನ್ನು ಹೊಟ್ಟೆಯಿಂದ ಹಲಗೆಗೆ ಒತ್ತಿ ಹಿಡಿದರೆ ಹಾಳೆ ತಾನೇ ಹಿಗ್ಗುತ್ತದೆ. ಮರದ ಒರಟುತನ ಹಾಳೆಗೆ ಅಚ್ಚಾಗುತ್ತದೆ, ಸಾಸ್ ಹಿಡಿದುಕೊಳ್ಳುವುದು ಆ ಒರಟಿಗೇ. ಉಕ್ಕಿನ ಯಂತ್ರದ ನುಣುಪು ಹಾಳೆಗೆ ಈ ಗುಣ ಬರುವುದಿಲ್ಲ.

ಎಷ್ಟು ತೆಳು? ಎತ್ತಿ ಹಿಡಿದರೆ ಹಾಳೆಯ ಮೂಲಕ ಗುಡ್ಡದ ಮೇಲಿನ ಸಾನ್ ಲೂಕಾ ಗುಡಿ ಕಾಣಬೇಕು ಎಂಬ ಮಾತು ಬೊಲೋನ್ಯಾದಲ್ಲಿ ಇದೆ. ಮೊದಲ ದಿನ ಹಲಗೆಯ ಮರದ ಗೆರೆ ಮಸುಕಾಗಿ ಕಂಡರೂ ಸಮಾಧಾನ ಪಡಿ.

ತಾಲ್ಯಾತೆಲ್ಲೆಗೆ ಹಾಳೆ ತುಸು ಆರಬೇಕು. ಮುಟ್ಟಿದರೆ ಅಂಟಬಾರದು, ಮಡಿಸಿದರೆ ಸೀಳಬಾರದು. ಸಡಿಲವಾಗಿ ಸುರುಳಿ ಸುತ್ತಿ, ಏಳು ಮಿಲಿಮೀಟರ್ ಅಂದಾಜಿಗೆ ಕತ್ತರಿಸಿ ಕೊಡವಿದರೆ ಪಟ್ಟಿಗಳು ಬಿಚ್ಚಿಕೊಳ್ಳುತ್ತವೆ, ಬೆಂದಾಗ ಅಗಲ ಎಂಟಕ್ಕೆ ಬರುತ್ತದೆ. ತೊರ್ತೆಲ್ಲೋನಿಗೆ ಮಾತ್ರ ಹಾಳೆ ಹಸಿಯಾಗಿಯೇ ಇರಬೇಕು, ಇಲ್ಲವಾದರೆ ಅಂಚು ಕೂಡುವುದಿಲ್ಲ. ಆರೇಳು ಸೆಂಟಿಮೀಟರ್ ಚೌಕದ ನಡುವೆ ರಿಕೊಟ್ಟಾ, ತುರಿದ ಚೀಸ್, ಪಾರ್ಸ್ಲಿ ಸೊಪ್ಪು, ಜಾಯಿಕಾಯಿಯ ಹೂರಣ ಇಟ್ಟು, ತ್ರಿಕೋನಕ್ಕೆ ಮಡಿಸಿ, ಒಳಗಿನ ಗಾಳಿ ಹೊರಡಿಸಿ ಅಂಚು ಒತ್ತಿ, ಎರಡು ತುದಿಗಳನ್ನು ಬೆರಳಿಗೆ ಸುತ್ತಿ ಕೂಡಿಸುತ್ತಾರೆ. ಗಾಳಿ ಉಳಿದರೆ ಕುದಿಯುವಾಗ ಒಡೆಯುತ್ತದೆ.

ನೀರು 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್, ಲೀಟರಿಗೆ 10 ಗ್ರಾಂ ಉಪ್ಪು. ಎಣ್ಣೆ ಬೇಡ. ತಾಜಾ ತಾಲ್ಯಾತೆಲ್ಲೆ ಎರಡು ಮೂರು ನಿಮಿಷಕ್ಕೇ ಬೇಯುತ್ತದೆ, ಒಲೆ ಬಿಟ್ಟು ಕದಲಬೇಡಿ. ಬೆಣ್ಣೆಯಲ್ಲಿ ಸೇಜ್ ಎಲೆ ಬಾಡಿಸಿ, ಪಾಸ್ತಾ ಬೆಂದ ನೀರನ್ನು ಒಂದು ಸೌಟು ಬೆರೆಸಿದರೆ ಸಸ್ಯಾಹಾರಿಗಳ ಸಾಸ್ ಸಿದ್ಧ.

ಊಟಕ್ಕೆ ಮನೆಯವರೊಂದಿಗೇ ಕೂರುತ್ತೀರಿ. ಎಲ್ಲರ ತಟ್ಟೆಗೂ ಬಡಿಸುವವರೆಗೆ ಕಾಯಿರಿ, ಬಡಿಸಿದ ಮೇಲೆ ಫೋಟೊ ತೆಗೆಯುತ್ತ ಆರಲು ಬಿಡಬೇಡಿ. ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿಂದರೆ ಅಡುಗೆ ಮಾಡಿದವರಿಗೆ ಖುಷಿಯೇ.

ಊರಿಗೆ ಮರಳಿ ಮಾಡುವಾಗ

ಪಾಠದಲ್ಲಿ ಬರೆದುಕೊಂಡ ಅಳತೆ ಇಲ್ಲಿ ಹಾಗೆಯೇ ಹೊಂದುವುದಿಲ್ಲ. ಅಲ್ಲಿಯ ಮೊಟ್ಟೆಗಳು ಸಾಮಾನ್ಯವಾಗಿ ನಮ್ಮವಕ್ಕಿಂತ ದೊಡ್ಡವು. ಎಣಿಸುವುದನ್ನು ಬಿಟ್ಟು, ಚಿಪ್ಪು ತೆಗೆದ ಮೊಟ್ಟೆಯನ್ನು ತೂಗಿ. 100 ಗ್ರಾಂ ಹಿಟ್ಟಿಗೆ 55 ಗ್ರಾಂ ಆಸುಪಾಸು ಇರಲಿ. '00' ಹಿಟ್ಟಿನ ಬದಲು ಮೈದಾಕ್ಕೆ ಕಾಲು ಭಾಗ ಚಿರೋಟಿ ರವೆ ಬೆರೆಸಿದರೆ ಹಾಳೆಗೆ ಬಲ ಬರುತ್ತದೆ. ಓರೆಕ್ಯೆತ್ತೆ ಕಲಿತು ಬಂದವರಿಗೆ ಬನ್ಸಿ ರವೆ ಇದೆ. ಅದೂ ಡ್ಯೂರಮ್ ಗೋಧಿಯದೇ, ಗಿರಣಿಯಲ್ಲಿ ಇನ್ನೊಮ್ಮೆ ನಯವಾಗಿ ಬೀಸಿಸಿಕೊಳ್ಳಬೇಕಷ್ಟೆ. ತೊರ್ತೆಲ್ಲೋನಿಗೆ ರಿಕೊಟ್ಟಾ ಸಿಗದಿದ್ದರೆ ಹಾಲು ಒಡೆಸಿ, ಬಟ್ಟೆಯಲ್ಲಿ ಸೋಸಿ, ಒತ್ತಿ ಗಟ್ಟಿ ಮಾಡದ ಪನೀರ್ ಬಳಸಿ. ಜಾಯಿಕಾಯಿ ದಕ್ಷಿಣ ಕನ್ನಡ, ಶಿರಸಿ ಸೀಮೆಯ ತೋಟಗಳಲ್ಲೇ ಬೆಳೆಯುತ್ತದೆ, ಇಡಿಯಾಗಿ ಕೊಂಡು ಆಗಿಂದಾಗ ತುರಿಯಿರಿ. ಚೀಸ್ ಕೊಳ್ಳುವಾಗ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ.

ಲಟ್ಟಣಿಗೆಯನ್ನು ಅಲ್ಲಿಂದ ಕೊಂಡು ತರುವ ಮನಸ್ಸಾದರೆ ಕೈಚೀಲದಲ್ಲಿ ಇಡದೆ ಚೆಕ್‌ ಇನ್ ಪೆಟ್ಟಿಗೆಗೆ ಹಾಕಿ. ಮಳೆಗಾಲದ ಮಂಗಳೂರಿನಲ್ಲಿ ಹಾಳೆ ಆರಲು ಬೆಂಗಳೂರಿಗಿಂತ ಬಹಳ ಹೊತ್ತು ಹಿಡಿಯುತ್ತದೆ, ಫ್ಯಾನ್ ಕೆಳಗೆ ಬಟ್ಟೆಯ ಮೇಲೆ ಹರಡಿ, ನಡುವೆ ಒಮ್ಮೆ ಮಗುಚಿ. ತಾಲ್ಯಾತೆಲ್ಲೆಯನ್ನು ಮಾಡಿದ ದಿನವೇ ಬೇಯಿಸಿಬಿಡಿ. ತೊರ್ತೆಲ್ಲೋನಿ ಹೆಚ್ಚಾಗಿ ಉಳಿದರೆ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಬೇಯಿಸುವಾಗ ಕರಗಲು ಬಿಡದೆ, ತೆಗೆದವುಗಳನ್ನು ತೆಗೆದ ಹಾಗೆಯೇ ಕುದಿಯುವ ನೀರಿಗೆ ಹಾಕಿ.